ಮೊದಲು ಎದುರಿನವರ ಮಾತು

ಮಗಳು ಇವತ್ತು ಸೋಲುತ್ತಾಳೆ ಎಂದು ಎಸ್ತೇರಮ್ಮನಿಗೆ ಬೆಳಿಗ್ಗೆ ಚಹಾ ಸೋಸುವಾಗಲೇ ಖಾತ್ರಿಯಾಗಿಬಿಟ್ಟಿತ್ತು. ಸೋತರೆ ಅದು ಮಗಳ ಸೋಲಲ್ಲ, ತನ್ನದೇ ಎಂಬುದೂ ಅಷ್ಟೇ ಖಾತ್ರಿ. ಹನ್ನೆರಡು ವರ್ಷಗಳ ಹಿಂದೆ, ಏಳನೆಯ ತರಗತಿ ಮುಗಿದ ಬೇಸಿಗೆಯಲ್ಲಿ, ಕೃಪಾಳನ್ನು ಶಾಲೆ ಬಿಡಿಸಿ ಇದೇ ಅಡಿಗೆ ಮನೆಯಲ್ಲಿ ಕೂರಿಸಿಕೊಂಡು ಕಲಿಸಿದವಳು ಅವಳು. ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಂಥ ಕೆಲಸವನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಆಮೇಲೂ ಯಾರೂ ಮಾಡಲಿಲ್ಲ. ಸ್ವತಃ ಟೀಚರಾಗಿದ್ದವಳು ಕೈಲಿದ್ದ ನೌಕರಿಗೆ ರಾಜೀನಾಮೆ ಬರೆದುಕೊಟ್ಟು, ಇದ್ದ ಒಬ್ಬಳೇ ಮಗಳನ್ನು ಮನೆಯಲ್ಲಿಟ್ಟುಕೊಂಡರೆ ಜನ ತಲೆ ಕೆಟ್ಟಿದೆ ಎನ್ನದೆ ಇನ್ನೇನು ಅಂದಾರು? ಅಂದರು. ಎದುರಿಗೂ ಅಂದರು, ಬೆನ್ನ ಹಿಂದೆಯೂ ಅಂದರು. ಗಂಡ ದೇವಪುತ್ರ ಮಾತ್ರ ಏನೂ ಅನ್ನದೆ ಅಡಿಗೆ ಮನೆಯ ಬಾಗಿಲಿನ ಒಳಬದಿಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿಕೊಟ್ಟಿದ್ದ. ಅವನು ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಯಾವ ಗಾಡಿ ಯಾವ ಹಳಿಗೆ ಹೋಗಬೇಕೆಂದು ಬೇರೆಯವರು ಹೇಳಿದರೆ ಹಾಗೆ ಮಾಡಿ ಅವನಿಗೆ ರೂಢಿ.

ಫೋನು ಬಂದದ್ದು ಆರೂವರೆಗೆ. ಕೃಪಾ ಚಿತ್ತಾಪುರದ ಕೋರ್ಟಿನಲ್ಲಿ ಎರಡು ವರ್ಷದಿಂದ ಭೀಮಶ್ಯಾ ವಕೀಲರ ಕೈಕೆಳಗೆ ಜೂನಿಯರ್. ಫೈಲು ಹಿಡಿಯುವುದು, ನಕಲು ತೆಗೆಸುವುದು, ಮುಂದಿನ ತಾರೀಖು ಕೇಳುವುದು ಅವಳ ಕೆಲಸ. ಇದುವರೆಗೆ ಒಂದು ವಾದವನ್ನೂ ತಾನಾಗಿ ಮಾಡಿದವಳಲ್ಲ. ಭೀಮಶ್ಯಾ ಅವರಿಗೆ ಕಿಡ್ನಿ ಸ್ಟೋನಿನ ನೋವು ಬಂದು ಕಲಬುರಗಿಯ ಆಸ್ಪತ್ರೆ ಸೇರಿದ್ದರು. ನರಳುತ್ತಲೇ, ಕೃಪಾಳ ಪಕ್ಕದಲ್ಲಿದ್ದ ಎಸ್ತೇರಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದರು: "ಸಾಬಮ್ಮನ ಕೇಸು ಮುಂದ ಹಾಕೂದು ಬ್ಯಾಡವ್ವ. ನಾಡಿದ್ದಿಂದ ಬ್ಯಾಸಗಿ ರಜಾ ಸುರು. ಇನ್ನೊಂದ್ ತಿಂಗಳು ಆ ಮುದುಕಿ ಸುತ್ತು ಹೊಡೀಬೇಕಾಗ್ತದ. ಇವತ್ತ ನೀನೇ ವಾದ ಮಾಡಿಬಿಡು. ಎದುರಿಗಿ ಉದಯಕುಮಾರ ಸಾಹೇಬ್ರು ಅದಾರ, ಹೆದರಬ್ಯಾಡ." ಹೆದರಬೇಡ ಎಂದ ಮೇಲೆಯೇ ಎಸ್ತೇರಮ್ಮನಿಗೆ ಹೆದರಿಕೆಯಾದದ್ದು. ಉದಯಕುಮಾರರು ಮೂವತ್ತು ವರ್ಷದಿಂದ ಅದೇ ಕೋರ್ಟಿನಲ್ಲಿ ಗೆಲ್ಲುತ್ತ ಬಂದ ಮನುಷ್ಯ. ಕೃಪಾ ಫೋನಿಟ್ಟು ಕರಿ ಕೋಟಿಗೆ ಇಸ್ತ್ರಿ ಹಾಕಿದಳು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ಅದು ಎಸ್ತೇರಮ್ಮನಿಗೆ ಇನ್ನೂ ಕೆಟ್ಟದಾಗಿ ಕಂಡಿತು. ಲೋಕ ಗೊತ್ತಿದ್ದವರ ಕೈ ನಡುಗುತ್ತದೆ. ಇವಳಿಗೆ ಲೋಕವನ್ನು ತೋರಿಸಿದವರು ಯಾರು?

"ಅವ್ವ, ನೀನೂ ಬಾ," ಎಂದಳು ಮಗಳು. "ಸಾಬಮ್ಮ ಒಬ್ಬಾಕೀನೇ ಕುಂತ್ರ ಗಾಬರಿ ಆಗ್ತಾಳ."

"ನಾ ಬಂದು ಏನ್ ಮಾಡ್ಲಿ?"

"ಆಕಿ ಬಾಜೂ ಕುಂದ್ರು. ಅಷ್ಟೇ."

ಆ ಅಡಿಗೆ ಮನೆಯಲ್ಲಿ ಏನು ಕಲಿಸಿದೆ ಎಂದು ಯಾರಾದರೂ ಕೇಳಿದರೆ ಎಸ್ತೇರಮ್ಮ ಒಂದೇ ಉಸಿರಿಗೆ ಹೇಳಲಾರಳು. ಅವಳ ಅಜ್ಜ ಮಿಶನ್ ಬಂಗಲೆಯಲ್ಲಿ ಅಡಿಗೆಯವನಾಗಿದ್ದ. ಪಾದ್ರಿ ಸಾಹೇಬರು ತಮ್ಮ ದೇಶಕ್ಕೆ ಮರಳುವಾಗ ಅವನಿಗೊಂದು ಟ್ರಂಕು ತುಂಬ ಪುಸ್ತಕ ಕೊಟ್ಟು ಹೋದರು: ಲ್ಯಾಟಿನ್ ವ್ಯಾಕರಣ, ತರ್ಕ, ಭಾಷಣ ಮಾಡುವ ಬಗೆ, ಹಳೆಯ ರಾಜ್ಯಗಳ ಚರಿತ್ರೆ. ಅಜ್ಜನಿಗೆ ಓದು ಬರದು. ಟ್ರಂಕಿನ ಮೇಲೆ ಹಾಸಿಗೆ ಪೇರಿಸಿಡುತ್ತಿದ್ದ. ಮೂರು ತಲೆಮಾರು ಹಾಸಿಗೆ ಹೊತ್ತ ಆ ಪುಸ್ತಕಗಳನ್ನು ಎಸ್ತೇರಮ್ಮ ಇಳಿಸಿ, ಮಗಳಿಗಿಂತ ಒಂದೇ ಒಂದು ಪುಟ ಮುಂದೆ ಓದಿಕೊಂಡು ಕಲಿಸಿದಳು. ಬೆಳಿಗ್ಗೆ ಪ್ರಾರ್ಥನೆ, ದೇವರ ವಾಕ್ಯದ ಕಂಠಪಾಠ, ಆಮೇಲೆ ಹಳಗನ್ನಡದ ಎರಡು ಪದ್ಯ, ಆಮೇಲೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಸರಿಯಾಗಿ ಲ್ಯಾಟಿನ್: ಮೆನ್ಸಾ, ಮೆನ್ಸಾ, ಮೆನ್ಸಾಮ್. ಮೆನ್ಸಾ ಎಂದರೆ ಮೇಜು, ಮನೆಯಲ್ಲಿ ಮೇಜಿರಲಿಲ್ಲ. ಪಕ್ಕದ ಮನೆಯವರು ಇದನ್ನು ಕೇಳಿ, ಹುಡುಗಿಗೆ ದೆವ್ವ ಬಿಡಿಸುತ್ತಿದ್ದಾರೆ ಎಂದುಕೊಂಡು ಒಂದು ದಿನ ನಿಂಬೆಹಣ್ಣು ಕಳಿಸಿದ್ದರು. ಎಸ್ತೇರಮ್ಮ ಅದರ ಪಾನಕ ಮಾಡಿದಳು. ಹದಿನಾಲ್ಕು ದಾಟಿದ ಮೇಲೆ ತರ್ಕ ಬಂತು, ತರ್ಕದ ಜೊತೆ ರಾತ್ರಿಯ ಊಟದ ನಿಯಮ ಬಂತು. ಆ ನಿಯಮ ಪುಸ್ತಕದಲ್ಲಿತ್ತೋ ತಾನೇ ಹುಟ್ಟಿಸಿದ್ದೋ ಅವಳಿಗೆ ಈಗ ನೆನಪಿಲ್ಲ. ಯಾರ ಮಾತನ್ನಾದರೂ ಅಲ್ಲಗಳೆಯಬೇಕೆಂದರೆ, ಮೊದಲು ಆ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಿ ತೋರಿಸಬೇಕು. ಅವರು "ಹೌದು, ಇದೇ ನನ್ನ ಮಾತು" ಎನ್ನುವ ತನಕ ನಿನ್ನ ಮಾತು ಶುರುವಾಗುವಂತಿಲ್ಲ. ರೊಟ್ಟಿ ಆರಿದರೆ ಆರಲಿ. ದೇವಪುತ್ರ ಡ್ಯೂಟಿಯ ದಣಿವಿನಲ್ಲಿ ಬಂದು ಸಂಬಳದ ಬಗ್ಗೆಯೋ ಸಾಹೇಬರ ಬಗ್ಗೆಯೋ ಏನಾದರೂ ಅಂದರೆ ಹುಡುಗಿ ಕಣ್ಣು ಮುಚ್ಚಿ ಅದನ್ನೇ ಎತ್ತಿಕೊಂಡು, ಅವನು ಹೇಳದೆ ಬಿಟ್ಟ ಕಾರಣಗಳನ್ನೂ ಸೇರಿಸಿ ಹೇಳುತ್ತಿದ್ದಳು. "ನನ್ನ ಮಾತು ನನಗೇ ಇಷ್ಟ್ ಚಂದ ಬರ್ತಿದ್ದಿಲ್ಲ," ಎಂದು ಅವನು ನಕ್ಕು, ಆಮೇಲೆ ಅವಳ ಕೈಯಲ್ಲಿ ಸೋಲುತ್ತಿದ್ದ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಏಪ್ರಿಲ್ ಕೊನೆಯ ಬಿಸಿಲು ಒಂಬತ್ತಕ್ಕೇ ಕಿಟಕಿಯ ಸರಳನ್ನು ಮುಟ್ಟಗೊಡುತ್ತಿರಲಿಲ್ಲ. ಸಿಮೆಂಟಿನ ಪುಡಿ ಕೂತು ಬೂದಿಯಾದ ಬೇವಿನ ಮರಗಳು ಹಿಂದೆ ಸರಿಯುತ್ತಿದ್ದವು. ಕೃಪಾ ಫೈಲನ್ನು ತೆರೆಯದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಕಂಠಪಾಠ. ಎಸ್ತೇರಮ್ಮನಿಗೆ ಮಗಳನ್ನು ಅಲ್ಲಾಡಿಸಿ, ಓದು, ಕಾಗದ ನೋಡಿ ಓದು, ಇದು ನಮ್ಮ ಅಡಿಗೆ ಮನೆಯಲ್ಲ ಎನ್ನಬೇಕೆನ್ನಿಸಿತು. ಚರ್ಚಿನ ಊಟದ ದಿನ ಪಾಸ್ಟರ ಹೆಂಡತಿ ಎಲ್ಲರೆದುರಿಗೆ "ನೀ ಎಷ್ಟನೇ ಕ್ಲಾಸವ್ವ?" ಎಂದು ಕೇಳಿದ್ದಳು. ಹದಿನೈದರ ಕೃಪಾ ಅನ್ನದ ತಟ್ಟೆ ಹಿಡಿದುಕೊಂಡು, "ಕ್ಲಾಸ್ ಇಲ್ರಿ, ನಾ ಒಬ್ಬಾಕೀನೇ ಅದೀನಿ," ಎಂದಿದ್ದಳು. ಎಷ್ಟು ನಕ್ಕರು ಹೆಂಗಸರು! ನಾದಿನಿಯಂತೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಸ್ತೇರಮ್ಮನೂ ಅವರ ಜೊತೆ ಸೇರಿ ನಕ್ಕಿದ್ದಳು. ಅದೇ ಇವತ್ತಿಗೂ ಚುಚ್ಚುವುದು. ಮುಕ್ತ ಶಾಲೆಯ ಪರೀಕ್ಷೆ ಕಟ್ಟಿಸಿ, ಹುಡುಗಿ ಒಳ್ಳೆಯ ಅಂಕ ತೆಗೆದುಕೊಂಡ ಮೇಲೂ, ಕಾಲೇಜಿನ ಗುಮಾಸ್ತ ಟಿಸಿ ಎಲ್ಲಿ ಎಂದು ಮೂರು ದಿನ ನಿಲ್ಲಿಸಿಕೊಂಡಿದ್ದ. ಐದು ವರ್ಷ ಕಾನೂನು ಓದಿದಳು, ಸನ್ನದು ಸಿಕ್ಕಿತು, ಎಲ್ಲ ಆಯಿತು. ಆದರೂ ಎಸ್ತೇರಮ್ಮನೊಳಗೆ ಆ ಗುಮಾಸ್ತನ ಮುಂದೆ ನಿಂತ ಹೆಂಗಸು ಇನ್ನೂ ನಿಂತೇ ಇದ್ದಳು. ಯಾವತ್ತೋ ಒಂದು ದಿನ, ದೊಡ್ಡವರ ಎದುರಿನಲ್ಲಿ, ಇವಳಿಗೆ ಏನೋ ಕಡಿಮೆಯಿದೆ ಎಂಬುದು ಗೊತ್ತಾಗಿಬಿಡುತ್ತದೆ. ಆ ದಿನ ಇವತ್ತು.

"ಆಂಟಿ, ಚಂದ ಅದೀರಿ?"

ಮುಂದಿನ ಸೀಟಿನಿಂದ ತಿರುಗಿದ ಮುಖ ಗುರುತು ಹತ್ತಲು ಒಂದು ಕ್ಷಣ ಹಿಡಿಯಿತು. ಜಬೀನಾ. ಹಿಂದಿನ ಸಾಲಿನ ಕ್ವಾರ್ಟರ್ಸಿನಲ್ಲಿದ್ದ ಹುಡುಗಿ, ಕೃಪಾಳ ಓರಗೆಯವಳು. ಈಗ ಚಿತ್ತಾಪುರದ ಒಂದು ಲ್ಯಾಬಿನಲ್ಲಿ ಕೆಲಸವಂತೆ. ಕೃಪಾಳೂ ಅವಳೂ ದಿನಾ ಇದೇ ಬಸ್ಸಿನಲ್ಲಿ ಹೋಗುತ್ತಾರೆಂಬುದು ಎಸ್ತೇರಮ್ಮನಿಗೆ ಗೊತ್ತೇ ಇರಲಿಲ್ಲ.

"ನೆನಪದೇನ್ರಿ ಆಂಟಿ? ನಾ ದಿನಾ ಸಂಜೀಕ ನಿಮ್ಮ ಗೇಟಿಗಿ ಬಂದು ಕೃಪಾ, ಕೃಪಾ ಅಂತ ಒದರ್ತಿದ್ದೆ. ನೀವು ‘ಓದ್ಲಿಕತ್ತಾಳ, ಆಮ್ಯಾಲ ಬಾ’ ಅಂತಿದ್ರಿ. ಆ ಆಮ್ಯಾಲ ಬರ್ಲೇ ಇಲ್ಲ ನೋಡ್ರಿ!" ಜಬೀನಾ ಗಟ್ಟಿಯಾಗಿ ನಕ್ಕಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಎಸ್ತೇರಮ್ಮನಿಗೆ ಹಗುರವಾಗುತ್ತಿತ್ತು. ಅವಳೂ ನಕ್ಕಂತೆ ಮಾಡಿ ಕಿಟಕಿಯ ಕಡೆ ತಿರುಗಿದಳು. ಎಷ್ಟೋ ಸಂಜೆ ಕೃಪಾ ಓದುತ್ತಲೇ ಇರಲಿಲ್ಲ. ಒಳಗೆ ಚಾಪೆಯ ಮೇಲೆ ಕಾಲು ಚಾಚಿ, ಸುಮ್ಮನೆ, ಏನೂ ಮಾಡದೆ ಕೂತಿರುತ್ತಿದ್ದಳು. ಎಸ್ತೇರಮ್ಮ ಗೇಟಿನಲ್ಲಿ ನಿಂತು ಸುಳ್ಳು ಹೇಳುತ್ತಿದ್ದಳು. ಬೆಳಿಗ್ಗೆ ಸುಳ್ಳಾಡಬಾರದೆಂದು ಕಂಠಪಾಠ ಮಾಡಿಸಿದ ಬಾಯಿ ಅದು. ಹೊರಗೆ ಬಿಟ್ಟರೆ ಮಗಳು ಕೈತಪ್ಪಿ ಹೋಗುತ್ತಾಳೆಂಬ ಭಯ ಒಂದು ಕಡೆ. ಇನ್ನೊಂದು ಕಡೆ, ಹುಡುಗಿ ಊರವರ ಹುಡುಗಿಯರ ಹಾಗೆಯೇ ಆಗಿಬಿಟ್ಟರೆ ತಾನು ನೌಕರಿ ಬಿಟ್ಟದ್ದಕ್ಕೆ ಏನು ಬೆಲೆ ಎಂಬ ಹೊಟ್ಟೆಕಿಚ್ಚಿನಂಥದ್ದೇನೋ. ಬಸ್ಸು ಚಿತ್ತಾಪುರ ಮುಟ್ಟುವ ತನಕ ಇಬ್ಬರು ಹುಡುಗಿಯರೂ ಯಾವುದೋ ಮಾತಿಗೆ ನಗುತ್ತಿದ್ದರು. ಆ ನಗುವಿನಲ್ಲಿ ತನಗೆ ಪಾಲಿಲ್ಲ, ಇರಬೇಕಾಗಿಯೂ ಇಲ್ಲ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು.

ಸಾಬಮ್ಮ ಕೋರ್ಟಿನ ಕಟ್ಟೆಯ ಮೇಲೆ ಆಗಲೇ ಬಂದು ಕೂತಿದ್ದಳು. ಅರವತ್ತು ದಾಟಿದ ಹೆಂಗಸು. ವಾಡಿಯ ಆಚೆಯ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎಬ್ಬಿಸಿ ಬೆರಳುಗಳ ಉಗುರೆಲ್ಲ ಮೊಂಡಾಗಿದ್ದವು. ಅವಳ ಮನೆಯಿಂದ ರಸ್ತೆಗೆ ಇದ್ದದ್ದು ಗಣಿಯ ಅಂಚಿನ ಒಂದು ಕಾಲುದಾರಿ. ಅದರ ಮೇಲೆ ಗಣಿಯವರು ಒಡಕಲ್ಲಿನ ರಾಶಿ ಹಾಕಿದರು. ಮೊದಲು ಮೊಣಕಾಲಿನಷ್ಟು, ಆಮೇಲೆ ಆಳೆತ್ತರ. ಸೊಸೆಗೆ ಹೆರಿಗೆ ನೋವು ಬಂದಾಗ ಹೊರಸಿನ ಮೇಲೆ ಮಲಗಿಸಿ ಎರಡು ಮೈಲಿ ಸುತ್ತು ಹೊತ್ತು ತರಬೇಕಾಯಿತು. ಕೂಸು ಉಳಿಯಿತು, ಅದು ದೇವರ ದಯೆ. ದಾವೆ ಮುಗಿಯುವ ತನಕ ದಾರಿ ತೆರೆದಿಡಬೇಕೆಂದು ಕೋರ್ಟು ಇವತ್ತು ತಾತ್ಕಾಲಿಕ ಆದೇಶ ಕೊಟ್ಟರೆ ಅವಳಿಗೆ ದಾರಿ. ಇಲ್ಲದಿದ್ದರೆ ಕೇಸು ಮುಗಿಯುವಷ್ಟು ವರ್ಷ ಅವಳು ಬದುಕಿರಬೇಕು. "ನಿನ್ನ ಮಗಳೇನವ್ವ ಇಕಿ?" ಎಂದು ಸಾಬಮ್ಮ ಎಸ್ತೇರಮ್ಮನ ಕೈ ಹಿಡಿದುಕೊಂಡಳು. "ಭಾಳ ಸಣ್ಣಾಕಿ ಕಾಣ್ತಾಳ." ಎಸ್ತೇರಮ್ಮ ಅವಳ ಪಕ್ಕದಲ್ಲಿ ಕೂತಳು.

ಕೇಸು ಬೆಳಿಗ್ಗೆ ಕೂಗಲಿಲ್ಲ. ಊಟದ ಹೊತ್ತಿಗೆ ಮೂವರೂ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಸಾಬಮ್ಮ ನೀರು ತರಲು ನಳದ ಕಡೆ ಹೋದಾಗ ಎಸ್ತೇರಮ್ಮನ ಬಾಯಿಂದ, ಹೇಳಬಾರದ ಹೊತ್ತಿನಲ್ಲಿ, ಮಾತು ಬಂದೇಬಿಟ್ಟಿತು.

"ಜಬೀನಾ ಬಂದಾಗೆಲ್ಲ ನೀ ಓದ್ಲಿಕತ್ತಿದ್ದಿಲ್ಲ. ನಾ ಸುಳ್ಳ ಹೇಳಿ ಕಳಸ್ತಿದ್ದೆ."

ಕೃಪಾ ರೊಟ್ಟಿ ಮುರಿಯುತ್ತ, "ಗೊತ್ತದ ಅವ್ವ," ಎಂದಳು. "ಕಿಟಕ್ಯಾಗಿಂದ ನೋಡ್ತಿದ್ದೆ."

ಮುಂದೆ ಏನಾದರೂ ಹೇಳುತ್ತಾಳೆಂದು ಎಸ್ತೇರಮ್ಮ ಕಾದಳು. ಅಷ್ಟರಲ್ಲಿ ಜವಾನ ಸಾಬಮ್ಮನ ಹೆಸರು ಕೂಗಿದ. ಕೃಪಾ ಕೈ ಒರೆಸಿಕೊಂಡು, ಕೊರಳಿನ ಬಿಳಿ ಪಟ್ಟಿ ಸರಿಮಾಡಿಕೊಂಡು ಓಡಿದಳು. ಗೊತ್ತಿತ್ತು. ಹಾಗಾದರೆ ಹುಡುಗಿ ಹತ್ತು ವರ್ಷ ಇದನ್ನು ಎದೆಯಲ್ಲಿಟ್ಟುಕೊಂಡು ದಿನಾ ತನ್ನ ಕೈಯ ರೊಟ್ಟಿ ತಿಂದಳು. ಎಸ್ತೇರಮ್ಮ ಸಾಬಮ್ಮನನ್ನು ನಡೆಸಿಕೊಂಡು ಹೋಗಿ ಕೋರ್ಟು ಹಾಲಿನ ಕೊನೆಯ ಬೆಂಚಿನಲ್ಲಿ ಕೂತಳು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಕರ್ತನೇ, ಅವಳ ಬಾಯಿಗೆ ಮಾತು ಕೊಡು ಎಂದು ಪ್ರಾರ್ಥನೆ ಮಾಡಿದಳು. ಮಾಡುತ್ತ ಮಾಡುತ್ತ, ತಾನು ಸಾಬಮ್ಮನ ದಾರಿಗಾಗಿ ಬೇಡುತ್ತಿಲ್ಲ, ತನಗಾಗಿ ಬೇಡುತ್ತಿದ್ದೇನೆ ಎಂಬುದು ಹೊಳೆದು ನಾಚಿಕೆಯಾಯಿತು. ಪಕ್ಕದಲ್ಲಿ ದಾರಿಯಿಲ್ಲದವಳು ಕೂತಿದ್ದಾಳೆ, ತಾನು ತನ್ನ ಮಾನಕ್ಕೆ ದೇವರನ್ನು ಕರೆಯುತ್ತಿದ್ದೇನೆ. ನಾಚಿಕೆಯಾದರೂ ಪ್ರಾರ್ಥನೆ ನಿಲ್ಲಲಿಲ್ಲ.

ನ್ಯಾಯಾಧೀಶರು ನಡುವಯಸ್ಸಿನ ಹೆಂಗಸು, ಚಿಕ್ಕ ದನಿ. "ಭೀಮಶ್ಯಾ ಅವರು ಬಂದಿಲ್ಲವೆ? ನೀವೇ ವಾದ ಮಾಡುತ್ತೀರಾ?" ಎಂದರು. ಉದಯಕುಮಾರರು ನರೆತ ತಲೆಯನ್ನು ಪ್ರೀತಿಯಿಂದಲೇ ಆಡಿಸಿ, ಮಗುವಿಗೆ ದಾರಿ ಬಿಡುವವರ ಹಾಗೆ ಒಂದು ಹೆಜ್ಜೆ ಸರಿದು ನಿಂತರು. ಕೃಪಾ ಫೈಲನ್ನು ಮೇಜಿನ ಮೇಲೆ ಮುಚ್ಚಿಟ್ಟಳು. ಕೈ ಕಟ್ಟಿಕೊಳ್ಳಲಿಲ್ಲ, ಕೆಮ್ಮಲಿಲ್ಲ. "ಮೇಡಂ, ನನ್ನ ಕಕ್ಷಿದಾರಳ ಮಾತು ಹೇಳುವ ಮೊದಲು ಪ್ರತಿವಾದಿಗಳ ಮಾತನ್ನು ಹೇಳಲು ಅಪ್ಪಣೆ ಕೊಡಬೇಕು," ಎಂದಳು.

ಇಲ್ಲಿಯೂ? ಊಟದ ನಿಯಮ ಇಲ್ಲಿಯೂ? ಯಾರಾದರೂ ಕೋರ್ಟಿನಲ್ಲಿ ಮಾಡುವ ಕೆಲಸವೇ ಇದು! ಆದರೆ ಮಗಳು ಆಗಲೇ ಶುರುಮಾಡಿದ್ದಳು. ಪ್ರತಿವಾದಿಗಳಿಗೆ ಒಂಬತ್ತು ವರ್ಷದಿಂದ ಆ ಜಮೀನು ಲೀಸಿಗಿದೆ. ಕಲ್ಲಿನ ರಾಶಿ ಪೂರ್ತಿ ಆ ಲೀಸು ಜಮೀನಿನ ಒಳಗೇ ಇದೆ, ಹೊರಗೆ ಒಂದು ಹರಳೂ ಬಿದ್ದಿಲ್ಲ. ಸಾಬಮ್ಮ ಓಡಾಡಿದ್ದು ಹಕ್ಕಿನಿಂದಲ್ಲ, ಗಣಿಯವರ ದಾಕ್ಷಿಣ್ಯದಿಂದ. ಅವಳಿಗೆ ಬೇರೆ ದಾರಿಯಿದೆ, ದೂರವಾದರೂ ಇದೆ. ಅಷ್ಟೂ ಹೇಳಿ, "ಇನ್ನೊಂದು ಕಾರಣವನ್ನು ಪ್ರತಿವಾದಿಗಳು ತಮ್ಮ ಆಕ್ಷೇಪಣೆಯಲ್ಲಿ ಬರೆಯುವುದು ಮರೆತಿದ್ದಾರೆ, ಅದನ್ನೂ ನಾನು ಹೇಳಬೇಕು," ಎಂದಳು. ಗಣಿಯಲ್ಲಿ ಎಂಬತ್ತು ಜನ ಕೂಲಿಗಳಿದ್ದಾರೆ. ಆದೇಶ ಬಂದು ಕೆಲಸ ನಿಂತರೆ ಒಬ್ಬಳ ನಡಿಗೆಗಾಗಿ ಎಂಬತ್ತು ಒಲೆ ಆರುತ್ತವೆ. ನ್ಯಾಯಾಲಯ ಇದನ್ನು ತೂಗಿ ನೋಡಬೇಕು. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಎಸ್ತೇರಮ್ಮನಿಗೇ ಗಣಿಯವರ ಮೇಲೆ ಕನಿಕರ ಹುಟ್ಟಿತು.

ಸಾಬಮ್ಮ ಮೊಣಕೈಯಿಂದ ತಿವಿದಳು. "ಯಾರ ಕಡಿಂದ ಮಾತಾಡ್ಲಿಕತ್ತಾಳವ್ವ ನಿನ್ನ ಮಗಳು? ನನಗ ಕೊಂದ್ಳಲ್ಲ!"

ಆಯಿತು, ಮುಗಿಯಿತು ಎಂದುಕೊಂಡಳು ಎಸ್ತೇರಮ್ಮ. ಟ್ರಂಕಿನ ಪುಸ್ತಕ, ಆರಿದ ರೊಟ್ಟಿ, ಮನೆಯಲ್ಲಿಲ್ಲದ ಮೇಜಿನ ಹೆಸರು, ಎಲ್ಲ ಸೇರಿ ಒಬ್ಬ ಮುದುಕಿಯ ದಾರಿ ಮುಚ್ಚಿದವು. ತರಗತಿಯಲ್ಲಿ ನಲವತ್ತು ಮಕ್ಕಳ ನಡುವೆ ಕೂತಿದ್ದರೆ ಹುಡುಗಿ ಎಲ್ಲರ ಹಾಗೆ ತನ್ನ ಪಾಳಿ ಬಂದಾಗ ತನ್ನ ಉತ್ತರವನ್ನಷ್ಟೇ ಹೇಳುವುದನ್ನು ಕಲಿಯುತ್ತಿದ್ದಳು. ಮುಂದಿನ ಸಾಲಿನಲ್ಲಿ ಇಬ್ಬರು ವಕೀಲರು ಒಬ್ಬರನ್ನೊಬ್ಬರು ನೋಡಿ ಮೀಸೆಯಡಿ ನಕ್ಕರು. ಎಸ್ತೇರಮ್ಮನಿಗೆ ಆ ನಗು ಗೊತ್ತು. ಚರ್ಚಿನ ಅಂಗಳದಲ್ಲಿ ಅದನ್ನು ಅವಳು ಕೇಳಿದ್ದಳು, ಅದರಲ್ಲಿ ಸೇರಿಯೂ ಇದ್ದಳು. ಈ ಸಲ ನಗಲಿಲ್ಲ. ಸೋಲುವುದಾದರೆ ಮಗಳ ಮುಖ ನೋಡುತ್ತಲೇ ಸೋಲುತ್ತೇನೆ ಎಂದು ತಲೆಯೆತ್ತಿ ಕೂತಳು.

"ಉದಯಕುಮಾರ್ ಅವರೇ, ಇದೇನಾ ನಿಮ್ಮ ವಾದ?" ಎಂದರು ನ್ಯಾಯಾಧೀಶರು, ನಗು ತಡೆದುಕೊಂಡು.

ಉದಯಕುಮಾರರು ಸಂತೋಷದಲ್ಲಿ ಉಬ್ಬಿಹೋಗಿದ್ದರು. "ಹೌದು ಮೇಡಂ, ಇದೇ. ನನಗಿಂತ ಚೆನ್ನಾಗಿ ಹೇಳಿದರು. ಒಂದಕ್ಷರ ಸೇರಿಸುವುದಿಲ್ಲ, ಒಂದಕ್ಷರ ತೆಗೆಯುವುದಿಲ್ಲ."

"ಬಹಳ ಉಪಕಾರವಾಯಿತು," ಎಂದಳು ಕೃಪಾ, ನಿಜವಾದ ವಿನಯದಿಂದ. "ರಾಶಿ ಪೂರ್ತಿ ಲೀಸು ಜಮೀನಿನ ಒಳಗಿದೆಯೆಂದು ಅವರು ಒಪ್ಪಿದರು. ಈಗ ಅವರೇ ಹಾಜರು ಮಾಡಿದ ಲೀಸು ಪತ್ರದ ನಾಲ್ಕನೆಯ ಪುಟ. ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ಜಮೀನು, ಉತ್ತರಕ್ಕೆ ರೈಲ್ವೆ ಹದ್ದು, ದಕ್ಷಿಣಕ್ಕೆ ಊರ ಕಾಲುದಾರಿ." ಫೈಲು ಮುಚ್ಚಿಯೇ ಇತ್ತು. ನ್ಯಾಯಾಧೀಶರು ತಮ್ಮ ಕಾಗದಗಳನ್ನು ತಿರುವಿ, ಬೆರಳಿಟ್ಟು ನೋಡಿ, ತಲೆಯೆತ್ತಿದರು. ಕೃಪಾ ಮುಂದುವರಿಸಿದಳು: "ಎಂದರೆ ಅವರ ಜಮೀನು ಎಲ್ಲಿ ಮುಗಿಯುತ್ತದೋ ಅಲ್ಲಿಂದ ದಾರಿ ಶುರು. ರಾಶಿ ಅವರು ಹೇಳುವಂತೆ ಒಳಗಿದ್ದರೆ, ದಾರಿ ಖಾಲಿಯಿದೆ. ದಾರಿ ಖಾಲಿಯಿಡಿ ಎಂಬ ಆದೇಶದಿಂದ ಅವರಿಗೆ ಒಂದು ಕಲ್ಲಿನ ನಷ್ಟವೂ ಇಲ್ಲ. ರಾಶಿ ದಾರಿಯ ಮೇಲಿದ್ದರೆ, ಅದು ಅವರ ಜಮೀನಿನ ಹೊರಗಿದೆ. ಅಲ್ಲಿಡುವ ಹಕ್ಕು ಅವರಿಗಿಲ್ಲ. ಎರಡರಲ್ಲಿ ಯಾವುದನ್ನು ಹಿಡಿದರೂ ನಾನು ಬೇಡುವ ಆದೇಶವೇ ಬರುತ್ತದೆ. ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ. ಇನ್ನು ಎಂಬತ್ತು ಕೂಲಿಗಳ ಮಾತು. ಆದೇಶದಿಂದ ಅವರ ಕೆಲಸ ನಿಲ್ಲುವುದಿಲ್ಲ, ಮೇಡಂ. ರಾಶಿಯನ್ನು ಎರಡು ಮಾರು ಹಿಂದೆ ಸರಿಸುವ ಕೆಲಸವೊಂದು ಹೆಚ್ಚಾಗುತ್ತದೆ."

ಉದಯಕುಮಾರರು ಎದ್ದರು. ದಾಕ್ಷಿಣ್ಯ ಎಂದರು, ಸರ್ವೆ ಎಂದರು, ಮುಂದಿನ ತಾರೀಖು ಎಂದರು. "ಒಂದಕ್ಷರ ಸೇರಿಸುವುದಿಲ್ಲ ಎಂದಿದ್ದಿರಿ," ಎಂದರು ನ್ಯಾಯಾಧೀಶರು. ಉದಯಕುಮಾರರು ಕೂತುಬಿಟ್ಟರು. ಕೂತವರು ಕೃಪಾಳ ಕಡೆ ತಿರುಗಿ ಒಂದು ಸಣ್ಣ ನಮಸ್ಕಾರ ಮಾಡಿದರು. ದೊಡ್ಡ ಮನುಷ್ಯನೇ. ಏಳು ದಿನದೊಳಗೆ ದಾರಿ ತೆರವು ಮಾಡಬೇಕು, ದಾವೆ ಮುಗಿಯುವ ತನಕ ಯಾರೂ ತಡೆಯಬಾರದು ಎಂದು ನ್ಯಾಯಾಧೀಶರು ಅಲ್ಲಿಯೇ ಹೇಳಿ ಬರೆಸಿದರು. ಸಾಬಮ್ಮನಿಗೆ ಒಂದೂ ತಿಳಿಯಲಿಲ್ಲ. "ಏನಾತವ್ವ? ಏನಂದ್ರು?" ಎಂದಳು. ಎಸ್ತೇರಮ್ಮ ಅವಳ ಕಿವಿಯಲ್ಲಿ, "ದಾರಿ ಬಿಡಸ್ಯಾರ," ಎಂದಳು. ಮುದುಕಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

"ಎಲ್ಲಿ ಓದಿದಿರಿ ನೀವು?" ನ್ಯಾಯಾಧೀಶರು ಪೆನ್ನಿಟ್ಟು ಕೇಳಿದರು.

"ಕಾನೂನು ಕಲಬುರಗಿಯಲ್ಲಿ, ಮೇಡಂ. ಅದಕ್ಕೂ ಮೊದಲು ಮನೆಯಲ್ಲಿ, ನಮ್ಮ ತಾಯಿಯ ಹತ್ತಿರ. ಅವರು ಹಿಂದೆ ಕೂತಿದ್ದಾರೆ."

ಇಡೀ ಕೋರ್ಟು ತಿರುಗಿ ನೋಡಿತು. ಕರಿ ಕೋಟುಗಳು, ಜವಾನ, ಟೈಪಿಸ್ಟು, ಮೀಸೆಯಡಿ ನಕ್ಕಿದ್ದ ಇಬ್ಬರು. ಎಸ್ತೇರಮ್ಮ ಏನು ಮಾಡಬೇಕೆಂದು ತಿಳಿಯದೆ ಎದ್ದು ನಿಂತಳು. ನಿಂತಾಗ ಸೆರಗು ಬೆಂಚಿನ ಮೊಳೆಗೆ ಸಿಕ್ಕಿ ಸ್ವಲ್ಪ ಹರಿಯಿತು. ನ್ಯಾಯಾಧೀಶರು ತಲೆ ಬಾಗಿಸಿದರು. ಅವಳೂ ಬಾಗಿಸಿದಳು. ಕಣ್ಣೀರು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ. ಬಂದದ್ದು ನಗು, ಎಂಥ ನಗು, ಅದನ್ನು ಹಲ್ಲು ಕಚ್ಚಿ ಹಿಡಿದುಕೊಂಡೇ ಬಾಗಿಲು ದಾಟಬೇಕಾಯಿತು.

ಅಂಗಳಕ್ಕೆ ಬಂದ ಮೇಲೆ ಸಾಬಮ್ಮ ಕೃಪಾಳ ಗದ್ದ ಹಿಡಿದು, ಬೆರಳು ಮುರಿದು ದೃಷ್ಟಿ ತೆಗೆದಳು. "ಮೊದಲು ನನ್ನ ಕೊಂದಿ, ಆಮ್ಯಾಲ ಬದುಕಿಸಿದಿ," ಎಂದು ಬೈದಳು, ಅತ್ತಳು, ನಕ್ಕಳು. ಊರಿಗೆ ಸುದ್ದಿ ಮುಟ್ಟಿಸಲು ಬಸ್ಸಿನ ಕಡೆ ಓಡಿಯೇ ಹೋದಳು. ತಾಯಿ ಮಗಳು ಇಬ್ಬರೇ ಉಳಿದರು. ಎಸ್ತೇರಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ಕಿಟಕ್ಯಾಗಿಂದ ನೋಡ್ತಿದ್ದೆ ಅಂದಿ. ಸಿಟ್ಟು ಬಂದಿತ್ತೇನು?"

"ಭಾಳ ಬಂದಿತ್ತು," ಎಂದಳು ಕೃಪಾ. "ಎರಡು ವರ್ಷ ಇತ್ತು. ನಿನ್ನ ಜೋಡಿ ಜಗಳ ಮಾಡಬೇಕಂತ ಎಲ್ಲ ತಯಾರಿ ಮಾಡ್ಕೊಂಡಿದ್ದೆ."

"ಮತ್ತ ಯಾಕ ಮಾಡ್ಲಿಲ್ಲ?"

"ಮೊದಲು ನಿನ್ನ ಮಾತು ಹೇಳಬೇಕಲ್ಲ. ಹಾಸಿಗ್ಯಾಗ ಬಿದ್ಕೊಂಡು ಹೇಳಿ ನೋಡ್ದೆ. ನೌಕರಿ ಬಿಟ್ಟಾಳ, ಎಲ್ಲಾರು ನಗ್ತಾರ, ದಿನಾ ನನಗಿಂತ ಒಂದ್ ಪುಟ ಮುಂದ ಓದ್ಲಿಕ್ಕೆ ನಸುಕಿನಾಗ ಏಳ್ತಾಳ, ಒಬ್ಬಾಕೀನೇ ಅದಾಳ, ಹೆದರ್ಯಾಳ. ಅಷ್ಟು ಹೇಳೂದ್ರಾಗ ನಾ ಸೋತೆ, ಅವ್ವ." ಕೃಪಾ ಕೋಟು ತೆಗೆದು ತೋಳಿನ ಮೇಲೆ ಹಾಕಿಕೊಂಡಳು. "ನೀ ಸುಳ್ಳ ಹೇಳಿದ್ದು ತಪ್ಪೇ. ಅದು ತಪ್ಪಲ್ಲಂತ ನಾ ಹೇಳೂದಿಲ್ಲ. ಆದ್ರ ಜಬೀನಾ ಮರುವರ್ಷ ಗ್ವಾಡಿ ಹಾರಿ ಬರ್ಲಿಕ್ಕೆ ಸುರು ಮಾಡಿದ್ಳು. ನೀ ಮಧ್ಯಾನ ಮಲಗತಿದ್ದೆಲ್ಲ, ಆವಾಗ. ಅರ್ಧ ಲ್ಯಾಟಿನ್ ಆಕೀಗೂ ಬರ್ತದ."

ಎಸ್ತೇರಮ್ಮ ನಕ್ಕಳು. ಕೋರ್ಟಿನೊಳಗೆ ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ಹೊರಬಿತ್ತು. ಝೆರಾಕ್ಸ್ ಅಂಗಡಿಯವನು ತಿರುಗಿ ನೋಡಿದ, ಕಟ್ಟೆಯ ಮೇಲಿನ ಕಕ್ಷಿದಾರರು ತಿರುಗಿ ನೋಡಿದರು, ನೋಡಲಿ. ತಾನು ಮಾಡಿದ ತಪ್ಪು ತಪ್ಪಾಗಿಯೇ ಇತ್ತು, ಮಾಡಿದ ಕೆಲಸ ಸರಿಯಾಗಿಯೇ ಇತ್ತು. ಎರಡೂ ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದವು, ಒಂದು ಇನ್ನೊಂದನ್ನು ತಿಂದುಹಾಕಿರಲಿಲ್ಲ. ಹನ್ನೆರಡು ವರ್ಷ ಎದೆಯ ಮೇಲೆ ಕೂತಿದ್ದ ಗುಮಾಸ್ತ, ಪಾಸ್ಟರ ಹೆಂಡತಿ, ನಾದಿನಿ, ಎಲ್ಲರೂ ಎದ್ದು ಹೋದಂತೆ ಉಸಿರು ಸಲೀಸಾಗಿ ಆಡಿತು. ಇಷ್ಟು ಖುಷಿ ತನಗೆ ಯಾವತ್ತೂ ಆಗಿರಲಿಲ್ಲ. ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ದೇವಪುತ್ರನಿಗೆ ಹೇಳಬಾರದು ಎಂದುಕೊಳ್ಳುತ್ತಿರುವಾಗಲೇ ಅವನ ಫೋನು ಬಂತು. ಹಿಂದೆ ಯಾವುದೋ ಗೂಡ್ಸ್ ಗಾಡಿ ಹೋಗುತ್ತಿತ್ತು, ಅವನು ಅದರ ಮೇಲೆ ಕೂಗುತ್ತಿದ್ದ.

"ಏನಾತು? ಯಾರು ಗೆದ್ರು?"

"ನಾನು," ಎಂದಳು ಎಸ್ತೇರಮ್ಮ.